ತುತ್ತೂರಿ ಮಾವನ ಎರಡು ಗದ್ದ

ನಿಮ್ಮ ಫೋಟೋ ನೋಡಿ ನಿಮಗೇ ಸಿಟ್ಟು ಬಂದದ್ದುಂಟೋ ಇಲ್ಲವೋ, ನಿಜ ಹೇಳಿ. ಗುಂಪಿನಲ್ಲಿ ಎಲ್ಲರೂ ಚೆನ್ನಾಗಿಯೇ ಬಂದಿರುತ್ತಾರೆ. ನಾವೊಬ್ಬರು ಮಾತ್ರ ಅರ್ಧ ಕಣ್ಣು ಮುಚ್ಚಿಕೊಂಡು, ಆಗ ತಾನೇ ನಿದ್ದೆಯಿಂದ ಎದ್ದವರ ಹಾಗೆ ನಿಂತಿರುತ್ತೇವೆ. ಮನೆಯವರು ಆ ಫೋಟೋವನ್ನೇ ಗೋಡೆಗೆ ನೇತುಹಾಕುತ್ತಾರೆ, ಅದೇ ನೋಡಿ ಕರ್ಮ. ತುತ್ತೂರಿ ಮಾವನ ಕಥೆಯೂ ಇಂಥದೊಂದು ಫೋಟೋದಿಂದಲೇ ಶುರುವಾಯಿತು.

ಮಾವ ಊರಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವರು. ಮೆರವಣಿಗೆ ಇರಲಿ, ಓಟದ ಪಂದ್ಯ ಇರಲಿ, ಅಂಗಡಿ ಉದ್ಘಾಟನೆ ಇರಲಿ, ಮುಂದಿನ ಸಾಲಿನಲ್ಲಿ ಅವರು ಇರಲೇಬೇಕು. ಊದಿಯೇ ಮನೆ ಕಟ್ಟಿದವರು, ಊದಿಯೇ ಮಕ್ಕಳನ್ನು ಓದಿಸಿದವರು. ಸಂಜೆ ಅವರು ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಎದುರು ಮನೆಯ ಅಜ್ಜಿ ಕಿಟಕಿ ತೆರೆದು ಕೂರುತ್ತಿದ್ದರು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರ ಬಾಯಲ್ಲೂ ಅವರು ತುತ್ತೂರಿ ಮಾವ. ಅವರ ಹೆಂಡತಿಗೆ ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಯಾಂಡಿನವರ ಕೋಟು, ಟೋಪಿ ಎಲ್ಲ ಅವರೇ ಹೊಲಿಯುವುದು. ಬೀದಿಗೆಲ್ಲ ಅವರು ಟೈಲರತ್ತೆ.

ಈ ಬ್ಯಾಂಡಿನವರಿಗೆ ಒಂದು ಅಭ್ಯಾಸ. ಏನು ಮಾಡಿದರೂ ಎಲ್ಲರೂ ಒಟ್ಟಿಗೆ ಮಾಡಬೇಕು. ಬೂಟು ಕೊಂಡರೆ ಎಲ್ಲರಿಗೂ ಒಂದೇ ಅಂಗಡಿಯದು. ಕ್ಷೌರ ಮಾಡಿಸಿದರೆ ಒಂದೇ ದಿನ, ಒಂದೇ ಕುರ್ಚಿ. ಒಬ್ಬರಿಗೆ ಕನ್ನಡಕ ಬಂದಾಗ, ಕಣ್ಣು ನೆಟ್ಟಗಿದ್ದ ಇನ್ನಿಬ್ಬರು ತಾವೂ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ಎಲ್ಲರ ಹೆಜ್ಜೆ ಒಂದೇ ಆಗಿರಬೇಕು ಅನ್ನುವುದು ಮೆರವಣಿಗೆಯಲ್ಲಿ ಸರಿ. ಇವರಿಗೆ ಅದು ಮನೆಗೆ ಹೋದ ಮೇಲೂ ಬಿಡುತ್ತಿರಲಿಲ್ಲ.

ಆ ವರ್ಷ ಹೊಸ ಸಮವಸ್ತ್ರ ಬಂತು. ಕೆಂಪು ಕೋಟು, ಹಿತ್ತಾಳೆ ಗುಂಡಿ, ಎತ್ತರದ ಟೋಪಿ. ನಡೆಯುವಾಗ ಗಾಳಿಗೆ ಟೋಪಿ ಹಾರದಿರಲಿ ಅಂತ ಗದ್ದದ ಕೆಳಗೆ ಬಿಗಿಯಲು ಕಪ್ಪು ಚರ್ಮದ ಪಟ್ಟಿ. ಎಲ್ಲರೂ ಹಾಕಿಕೊಂಡು ಅಭ್ಯಾಸದ ಹಾಲಿನ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ದೊಡ್ಡದಾಗಿ ಅಚ್ಚಾಗಿ ಬಂದ ದಿನ ಎಲ್ಲರೂ ಮೊದಲು ತಮ್ಮ ಕತ್ತನ್ನೇ ಮುಟ್ಟಿ ನೋಡಿಕೊಂಡರು. ಪಟ್ಟಿ ಪ್ರತಿಯೊಬ್ಬರ ಕತ್ತಿನೊಳಗೆ ಹೂತುಹೋಗಿತ್ತು. ಪಟ್ಟಿಯ ಮುಂದೊಂದು ಗದ್ದ, ಹಿಂದೊಂದು ಗದ್ದ. ತುತ್ತೂರಿ ಮಾವನಿಗೆ ಎರಡು ಆದ ಮೇಲೂ ಸ್ವಲ್ಪ ಮಿಕ್ಕಿತ್ತು.

ಫೋಟೋ ಪೋಸ್ಟರಾಗಿ ಬೀದಿಗೂ ಬಂತು. ಬಸ್ ನಿಲ್ದಾಣದಲ್ಲಿ ಯಾರೋ ಪುಣ್ಯಾತ್ಮರು ‘ಗದ್ದದ ಬ್ಯಾಂಡು’ ಅಂತ ಹೆಸರಿಟ್ಟರು. ಹೆಸರಿಗೆ ಕಾಲು ಬಂದು ಊರೆಲ್ಲ ಸುತ್ತಿತು. ಮಾವ ಹೊರಗೆ ನಕ್ಕರು, ಒಳಗೆ ಬೆಂದರು. ನಿಜವಾಗಿಯೂ ನೋವಾಗಿತ್ತು ಅವರಿಗೆ. ಇಷ್ಟು ವರ್ಷ ಜನ ತನ್ನ ಊದುವಿಕೆ ಕೇಳಲು ಬರುತ್ತಿದ್ದರು, ಈಗ ಗದ್ದ ಎಣಿಸಲು ಬರುತ್ತಾರೆ ಅನ್ನಿಸಿತು. ಕನ್ನಡಿಯ ಮುಂದೆ ಕತ್ತು ಎತ್ತಿ ನಿಂತರೆ ಒಂದೇ ಗದ್ದ, ಇಳಿಸಿದರೆ ಎರಡು. ಅದಕ್ಕೆ ಅವರು ಊಟಕ್ಕೆ ಕೂತಾಗಲೂ ಕತ್ತು ಮೇಲೆತ್ತಿಕೊಂಡೇ ಕೂರತೊಡಗಿದರು. ಟೈಲರತ್ತೆ ಹಲ್ಲಿ ಏನಾದರೂ ಇದೆಯೇ ಅಂತ ತಾವೂ ಚಾವಣಿ ನೋಡಿದರು.

ಅಂಥ ಹೊತ್ತಿಗೆ ಬಂದ ಗುಡುಗು. ದೊಡ್ಡ ಡ್ರಮ್ ಬಾರಿಸುವವನು. ಮಾತೂ ಅಷ್ಟೇ ಜೋರು, ಅದಕ್ಕೇ ಆ ಹೆಸರು. ಮಾರುಕಟ್ಟೆಯ ಹಿಂದಿನ ಬ್ಯೂಟಿ ಪಾರ್ಲರಿನಲ್ಲಿ, ಒಳಗಿನ ಕೋಣೆಯಲ್ಲಿ ಒಬ್ಬ ಸೂಜಿ ಹಾಕುತ್ತಾನೆ ಅಂತ ಸುದ್ದಿ ತಂದಿದ್ದ. ಗದ್ದದ ಕೆಳಗಿನ ಕೊಬ್ಬು ಕರಗಿಸಲು ಒಂದು ಸೂಜಿಯಂತೆ. ಅಗಲವಾದ ದವಡೆ ಸಣ್ಣದಾಗಲು ಒಂದಂತೆ. ಹಿಂದೆ ಸರಿದ ಗದ್ದ ಮುಂದೆ ಬರಲು ಒಳಗೆ ತುಂಬುವ ಜೆಲ್ ಬೇರೆ ಇದೆಯಂತೆ. ನೋವಿಲ್ಲ, ನಾಲ್ಕು ದಿನ ಮಲಗುವ ರಗಳೆ ಇಲ್ಲ, ಗುಂಪಾಗಿ ಬಂದರೆ ರಿಯಾಯಿತಿಯೂ ಇದೆಯಂತೆ. ಗುಂಪು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಬ್ಯಾಂಡಿಗೆ ಬ್ಯಾಂಡೇ ತಲೆಯಾಡಿಸಿತು. ಬೂಟು, ಕ್ಷೌರ, ಕನ್ನಡಕ ಆಯಿತು, ಈಗ ಗದ್ದ.

ಮೊದಲು ಮುಂದಿನ ಸಾಲಿನವರು ಅಂತ ತೀರ್ಮಾನವಾಯಿತು. ಬರುವ ಭಾನುವಾರ ಸಂಜೆ ಗುಡುಗು ಮತ್ತು ಮಾವ. ಅದರ ಮುಂದಿನ ಭಾನುವಾರ ಹೊಸ ಸೇತುವೆಯ ಉದ್ಘಾಟನೆ. ಆ ದಿನದ ಶುರುವಿನಲ್ಲಿ ಮಾವ ಒಬ್ಬರೇ ಊದಬೇಕಾದ ಒಂದು ಭಾಗವಿತ್ತು. ಎಲ್ಲರ ಕಣ್ಣೂ ಅವರ ಮೇಲೇ ಇರುವ ಗಳಿಗೆ. ಅಷ್ಟರೊಳಗೆ ಗದ್ದ ಒಂದಾಗಬೇಕು ಅನ್ನುವುದು ಅವರ ಆಸೆ. ಹೆಂಡತಿಗೆ ಮಾತ್ರ ಹೇಳಲಿಲ್ಲ. ಸಂಜೆ ಅಭ್ಯಾಸ ಇದೆ ಅಂದರು.

ಆ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಬಂದಳು ಪುಟ್ಟಿ. ಮಾವನ ಅಕ್ಕನ ಮಗಳು. ಹೆಸರಿಗೆ ಪುಟ್ಟಿ, ಬಾಗಿಲು ದಾಟಲು ತಲೆ ತಗ್ಗಿಸಬೇಕಾದಷ್ಟು ಎತ್ತರ, ಒಣ ಕಡ್ಡಿಯ ಹಾಗೆ ಸಣಕಲು. ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ನರ್ಸ್. ಬಂದವಳೇ ಮಾವನ ಮುಖ ನೋಡಿ, ಗದ್ದದ ಕೆಳಗೆ ಪೆನ್ನಿನಲ್ಲಿ ಚುಕ್ಕೆ ಇಟ್ಟವರು ಯಾರು ಅಂತ ಕೇಳಿದಳು. ಹಿಂದಿನ ದಿನ ಸೂಜಿಯವನು ಗುರುತು ಹಾಕಿ ಕಳಿಸಿದ್ದ. ಮಾವ ಕತ್ತು ಉಜ್ಜಿ ಉಜ್ಜಿ ತೊಳೆದಿದ್ದರು, ಚುಕ್ಕೆ ಹೋಗಿರಲಿಲ್ಲ. ಸೊಳ್ಳೆ ಕಚ್ಚಿದ್ದು ಅಂತ ಹೆಂಡತಿಗೆ ಹೇಳಿದ್ದರು. ನೇರ ಸಾಲಿನಲ್ಲಿ ಕಚ್ಚುವ ಸೊಳ್ಳೆಯನ್ನು ಟೈಲರತ್ತೆ ಅದುವರೆಗೆ ಕಂಡಿರಲಿಲ್ಲ.

ಗುಟ್ಟು ರಟ್ಟಾಯಿತು. ಟೈಲರತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ ಅಂದರು. ಪುಟ್ಟಿ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಮಾವನ ಎದುರೇ ಕೂತಳು.

“ನನಗೇನೂ ಆಗಲ್ಲ ಕಣೇ ಪುಟ್ಟಿ,” ಅಂದರು ಮಾವ. “ಸಿನಿಮಾದವರು ಮಾಡಿಸ್ಕೊಳ್ಳಲ್ವಾ? ನಿಮ್ಮ ಆಸ್ಪತ್ರೇಲೂ ಮಾಡ್ತಾರಂತಲ್ಲ.”

“ಮಾಡ್ತಾರೆ ಮಾವ. ಮಾಡಿಸ್ಕೊಳ್ಳೋದು ತಪ್ಪು ಅಂತ ನಾನು ಹೇಳ್ತಾನೂ ಇಲ್ಲ. ಮುಖ ನಿಮ್ಮದು, ಇಷ್ಟ ನಿಮ್ಮದು. ಆದ್ರೆ ನಮ್ಮಲ್ಲಿ ಡಾಕ್ಟರು ಮೊದಲ ದಿನ ಸೂಜಿ ಮುಟ್ಟಲ್ಲ. ಬರೀ ಪ್ರಶ್ನೆ ಕೇಳ್ತಾರೆ. ಆ ಪಾರ್ಲರಿನವನು ನಿಮ್ಮ ಕೆಲಸ ಏನು ಅಂತ ಕೇಳಿದ್ನಾ?”

ಮಾವ ಯೋಚಿಸಿದರು. ಕೇಳಿರಲಿಲ್ಲ.

“ದಿನಾ ಬೆಳಿಗ್ಗೆ ರಕ್ತ ತೆಳು ಮಾಡೋ ಮಾತ್ರೆ ತಗೋತೀರಲ್ಲ, ಅದನ್ನ ಕೇಳಿದ್ನಾ?”

ಅದನ್ನೂ ಕೇಳಿರಲಿಲ್ಲ. ಗುಂಪಿನಲ್ಲಿ ಎಷ್ಟು ಜನ ಬರುತ್ತೀರಿ ಅಂತ ಮಾತ್ರ ಕೇಳಿದ್ದ.

ಪುಟ್ಟಿ ಮಾವನ ದವಡೆಯ ಅಂಚಿನ ಮೇಲೆ ಮೆಲ್ಲಗೆ ಬೆರಳು ಆಡಿಸಿದಳು. ಇದೇ ಜಾಗದಲ್ಲಿ, ಚರ್ಮದ ಕೆಳಗೆ, ತುಟಿಯ ಮೂಲೆಯನ್ನು ಆಡಿಸುವ ತೆಳ್ಳನೆಯ ನರ ಹಾದುಹೋಗುತ್ತದೆ ಅಂದಳು. ಕೊಬ್ಬು ಕರಗಿಸುವ ಔಷಧಿ ಗೊತ್ತಿಲ್ಲದವನ ಕೈಯಲ್ಲಿ ಅತ್ತಿತ್ತ ಆಗಿ ಆ ನರಕ್ಕೆ ತಾಗಿದರೆ ತುಟಿ ಒಂದು ಕಡೆ ಸೋಲುತ್ತದೆ. ಸಾಮಾನ್ಯವಾಗಿ ಅದು ಸರಿಹೋಗುತ್ತದೆ, ಆದರೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ದವಡೆ ಸಣ್ಣದು ಮಾಡುವ ಸೂಜಿಯೂ ಹಾಗೆಯೇ. ಅದು ಅಗಿಯುವ ಸ್ನಾಯುವಿನ ಬಲ ತಗ್ಗಿಸಿಯೇ ದವಡೆ ಸಣ್ಣದು ಮಾಡುವುದು.

ಬೇರೆ ಯಾರಿಗಾದರೂ ಆದರೆ ನಗು ಸ್ವಲ್ಪ ಸೊಟ್ಟ ಆಗುತ್ತದೆ ಅಷ್ಟೇ. ಟ್ರಂಪೆಟ್ ಊದುವವರಿಗೆ? ಅವರು ಊದುವುದೇ ತುಟಿಯ ಮೂಲೆಗಳ ಬಲದಿಂದ. ಆದರೂ ಮಾವನಿಗೆ ಬಿಟ್ಟುಕೊಡಲು ಮನಸ್ಸಿಲ್ಲ. ತುಟಿಯ ಒಂದು ಮೂಲೆ ಇಲ್ಲದಿದ್ದರೆ ಇನ್ನೊಂದು ಮೂಲೆ ಇದೆಯಲ್ಲ, ಅನುಭವ ಅಂತ ಒಂದು ಇರುತ್ತದೆ ಅಂದರು.

“ಸರಿ ಹಾಗಾದ್ರೆ,” ಅಂದಳು ಪುಟ್ಟಿ. “ಈಗಲೇ ಊದಿ ನೋಡೋಣ. ಒಂದು ಮೂಲೆ ನಾನು ಬೆರಳಲ್ಲಿ ಎಳೆದು ಹಿಡ್ಕೊಂಡಿರ್ತೀನಿ.”

ಮಾವ ಎದೆ ಉಬ್ಬಿಸಿ ಟ್ರಂಪೆಟ್ ತುಟಿಗಿಟ್ಟರು. ಪುಟ್ಟಿ ಎಡಗಡೆಯ ಮೂಲೆಯನ್ನು ಸಡಿಲಾಗಿ ಎಳೆದು ಹಿಡಿದಳು. ಸೇತುವೆಯ ಮೇಲೆ ಊದಬೇಕಾದ ಅದೇ ಭಾಗ. ಮೊದಲು ಒಂದು ‘ಪುರ್’ ಬಂತು. ಆಮೇಲೆ ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದಂಥ ಸದ್ದು. ಆಮೇಲೆ ಬರೀ ಗಾಳಿ, ಅದರ ಜೊತೆ ಟೈಲರತ್ತೆಯ ಸೆರಗಿನ ಮೇಲೆ ನಾಲ್ಕು ಹನಿ ಎಂಜಲು. ಮಾವ ಕಣ್ಣು ಕೆಂಪು ಮಾಡಿಕೊಂಡು ಮತ್ತೆ ಊದಿದರು. ಎದುರು ಮನೆಯ ಅಜ್ಜಿ ಬಂದು ಕಿಟಕಿ ಮುಚ್ಚಿಕೊಂಡರು.

ಅಷ್ಟು ವರ್ಷದಲ್ಲಿ ಮಾವ ಊದುವಾಗ ಆ ಕಿಟಕಿ ಮುಚ್ಚಿದ್ದು ಅದೇ ಮೊದಲು. ಟೈಲರತ್ತೆಗೆ ನಗು ತಡೆಯಲಾಗಲಿಲ್ಲ, ಪುಟ್ಟಿಗೂ ತಡೆಯಲಾಗಲಿಲ್ಲ. ಮಾವ ಮಾತ್ರ ನಗಲಿಲ್ಲ. ಟ್ರಂಪೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ತುಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಭಯ ಅವರಿಗೆ ಆಗ ಬಂತು. ಇದು ಹೋದರೆ ನನ್ನ ಹತ್ತಿರ ಬೇರೆ ಏನಿದೆ ಅನ್ನಿಸಿತು.

“ಬೇಡ ಬಿಡು, ಸೂಜಿ ಬೇಡ,” ಅಂದರು ಕೊನೆಗೆ. “ಆದ್ರೆ ಗದ್ದ ಎರಡಿರೋದು ಸುಳ್ಳಲ್ವಲ್ಲ ಪುಟ್ಟಿ. ಜನ ನಗೋದು ಸುಳ್ಳಲ್ವಲ್ಲ.”

ಈ ಮಾತಿಗೆ ಟೈಲರತ್ತೆಯ ನಗು ನಿಂತಿತು. ಇಷ್ಟು ದಿನ ಗಂಡ ಚಾವಣಿ ನೋಡಿಕೊಂಡು ಊಟ ಮಾಡಿದ್ದು ಯಾಕೆ ಅಂತ ಅವರಿಗೆ ಆಗ ಹೊಳೆಯಿತು. ಮೇಜಿನ ಮೇಲೆ ಬಿದ್ದಿದ್ದ ಮಾವನ ಟೋಪಿ ಎತ್ತಿ ಧೂಳು ಒರೆಸಿದರು. ಮನಸ್ಸು ಹಗುರಾಗಲಿ ಅಂತ ತಮಾಷೆಗೆ ಅದನ್ನು ಪುಟ್ಟಿಯ ತಲೆಗೆ ಹಾಕಿ, ಪಟ್ಟಿ ಬಿಗಿದು, ನೋಡಿ ನಿಮ್ಮ ಹೊಸ ಬ್ಯಾಂಡ್ ಮಾಸ್ಟರು ಅಂದರು.

ಮಾವ ತಲೆ ಎತ್ತಿದರು. ನೋಡಿದರು. ಎದ್ದು ಹತ್ತಿರ ಬಂದು ಇನ್ನೊಮ್ಮೆ ನೋಡಿದರು. ಒಣ ಕಡ್ಡಿಯಂಥ ಪುಟ್ಟಿಗೆ ಎರಡು ಗದ್ದ ಬಂದಿದ್ದವು.

ಮೈಯಲ್ಲಿ ಚಿಟಿಕೆ ಕೊಬ್ಬಿಲ್ಲದ ಹುಡುಗಿ. ಪಟ್ಟಿ ಅವಳ ಕತ್ತನ್ನೂ ಬಿಡದೆ ಹಿಂಡಿ, ಚರ್ಮವನ್ನು ಮುಂದೆ ತಳ್ಳಿ ಗದ್ದ ಮಾಡಿ ಕೂರಿಸಿತ್ತು. ಟೈಲರತ್ತೆ ಪಟ್ಟಿ ಬಿಚ್ಚಿ ಟೋಪಿ ತೆಗೆದರು. ಆಮೇಲೆ ಹೊಲಿಗೆ ಮೆಷಿನ್ನಿನ ಪಕ್ಕದ ಕಪಾಟಿನಿಂದ ಪ್ಲಾಸ್ಟಿಕ್ಕಿನ ತಲೆ ತಂದು ಮೇಜಿನ ಮೇಲಿಟ್ಟರು. ಅಂಗಡಿಗಳಲ್ಲಿ ಟೋಪಿ ತೋರಿಸಲು ಇಡುವ ಗೊಂಬೆ ತಲೆ. ಕಡೆದು ಮಾಡಿದಂಥ ಚೂಪು ಗದ್ದ, ತೊಗಲು ಮಾಂಸ ಏನೂ ಇಲ್ಲದ ಸಣ್ಣ ಕತ್ತು. ಟೋಪಿಯನ್ನು ಅದರ ಮೇಲಿಟ್ಟು ಪಟ್ಟಿ ಹಾಕಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು.

“ಪಟ್ಟಿ ಎಲ್ಲಾ ಇದರ ಅಳತೆಗೇ ಕತ್ತರಿಸಿದ್ದು ರೀ,” ಅಂದರು ಮೆಲ್ಲಗೆ. “ತಲೆ ಸುತ್ತಳತೆ ಒಬ್ಬೊಬ್ಬರದೂ ತಗೊಂಡೆ. ಗದ್ದದ್ದು ಯಾರು ತಗೋತಾರೆ, ಎಲ್ಲರಿಗೂ ಒಂದೇ ಇರಲಿ ಅಂತ.”

ಮಾವ ಗೊಂಬೆಯನ್ನು ನೋಡಿದರು. ಗೊಂಬೆ ಮಾವನನ್ನು ನೋಡಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ ಮಾವ ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅನ್ನ ತಿನ್ನದ, ಉಸಿರಾಡದ ಒಂದು ಪ್ಲಾಸ್ಟಿಕ್ ತಲೆಗೆ ಸರಿಸಮ ಆಗಲು ಹೊರಟಿದ್ದೆನಲ್ಲ ಅಂತ ನಗು. ನಕ್ಕಾಗ ಗದ್ದ ಎಷ್ಟಾಯಿತು ಅಂತ ಆ ಹೊತ್ತಿನಲ್ಲಿ ಯಾರೂ ಎಣಿಸಲಿಲ್ಲ.

ನಗುತ್ತ ನಗುತ್ತಲೇ ನೆನಪಾಯಿತು, ಗುಡುಗು. ಸಂಜೆಯಾಗುತ್ತಿತ್ತು, ಅವನು ಆಗಲೇ ಪಾರ್ಲರಿಗೆ ಹೊರಟಿದ್ದ. ಫೋನ್ ಮಾಡಿದರೆ ಎತ್ತಲಿಲ್ಲ. ಮಾವ ಟೋಪಿ ಕೈಯಲ್ಲಿ ಹಿಡಿದು ಮುಂದೆ, ಪುಟ್ಟಿ ಹಿಂದೆ, ಗೊಂಬೆ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಟೈಲರತ್ತೆ ಅವರ ಹಿಂದೆ. ಮಾರುಕಟ್ಟೆಯ ಜನ ಇದೇನು ಮೆರವಣಿಗೆ ಅಂತ ದಾರಿ ಬಿಟ್ಟರು.

ಪಾರ್ಲರಿನ ಒಳಗಿನ ಕೋಣೆಯಲ್ಲಿ ಒಂದು ಒರಗು ಕುರ್ಚಿ, ಒಂದು ಟ್ಯೂಬ್‌ಲೈಟು, ಕೂದಲು ಒಣಗಿಸುವ ಯಂತ್ರದ ಪಕ್ಕದಲ್ಲೇ ತಟ್ಟೆಯಲ್ಲಿ ಸೂಜಿ. ಗುಡುಗು ಕುರ್ಚಿಯಲ್ಲಿ ಒರಗಿದ್ದ. ಗದ್ದದಿಂದ ತುಟಿಯವರೆಗೆ ಮರಗಟ್ಟಿಸುವ ಮುಲಾಮು ಬಳಿದಿತ್ತು. ಇವರನ್ನು ನೋಡಿ ಏನೋ ಅಂದ, ಮರಗಟ್ಟಿದ ತುಟಿ ಅವನ ಮಾತು ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಗುಡುಗು ಸದ್ದಿಲ್ಲದೆ ಕೂತಿದ್ದ.

ಪುಟ್ಟಿ ಸೂಜಿಯವನಿಗೆ ನಮಸ್ಕಾರ ಮಾಡಿಯೇ ಮಾತಾಡಿದಳು. ನೀವು ಡಾಕ್ಟರಾ, ನೋಂದಣಿ ಎಲ್ಲಿದೆ ಅಂತ ಕೇಳಿದಳು. ಅವನು ತರಬೇತಿ ಆಗಿದೆ ಅಂದ. ಎಲ್ಲಿ ಅಂದರೆ ಮೊಬೈಲಿನ ವಿಡಿಯೋ ತೋರಿಸಿದ. ಬಾಟಲಿಯಲ್ಲಿ ಏನಿದೆ ಅಂದಳು. ಒಳ್ಳೆಯ ಕಂಪನಿಯದು ಅಂದ. ಬಾಟಲಿಯ ಮೇಲೆ ಕಂಪನಿಯೂ ಇರಲಿಲ್ಲ, ತಾರೀಖೂ ಇರಲಿಲ್ಲ, ಚೀಟಿ ಕಿತ್ತ ಅಂಟಿನ ಗುರುತು ಮಾತ್ರ ಇತ್ತು.

“ಕೊನೇದು ಒಂದು ಕೇಳ್ತೀನಿ,” ಅಂದಳು ಪುಟ್ಟಿ. “ಗದ್ದಕ್ಕೆ ಜೆಲ್ ತುಂಬುವಾಗ ತಪ್ಪಿ ಅದು ರಕ್ತನಾಳದ ಒಳಗೆ ಹೋದ್ರೆ ಚರ್ಮಕ್ಕೆ ರಕ್ತ ನಿಂತುಹೋಗುತ್ತೆ. ಅಪರೂಪಕ್ಕೆ ಕಣ್ಣೇ ಹೋಗಬಹುದು. ಆಗ ಕ್ಷಣ ತಡ ಮಾಡೋ ಹಾಗಿಲ್ಲ. ಅದನ್ನ ಕರಗಿಸೋ ಔಷಧಿ ನಿಮ್ಮ ಹತ್ರ ಇದೆಯಾ?”

ಸೂಜಿಯವನು ತಟ್ಟೆ ನೋಡಿದ, ಬಾಗಿಲು ನೋಡಿದ. ಇಷ್ಟರವರೆಗೆ ಯಾರಿಗೂ ಏನೂ ಆಗಿಲ್ಲ ಅಂದ. ಗುಡುಗು ಅಷ್ಟು ಕೇಳಿದ್ದೇ ಕುರ್ಚಿಯಿಂದ ಎದ್ದು, ಕತ್ತಿಗೆ ಕಟ್ಟಿದ್ದ ಬಿಳಿ ಬಟ್ಟೆ ಸಮೇತ ಹೊರಗೆ ನಡೆದ. ಪುಟ್ಟಿ ಆ ಬಾಟಲಿಯ ಫೋಟೋ ತೆಗೆದುಕೊಂಡಳು. ಮಾರನೆಯ ದಿನ ಆರೋಗ್ಯ ಇಲಾಖೆಗೆ ದೂರು ಹೋಯಿತು, ಸ್ವಲ್ಪ ದಿನದಲ್ಲಿ ಆ ಕೋಣೆಗೆ ಬೀಗವೂ ಬಿತ್ತು.

ದಾರಿಯಲ್ಲಿ ಎಲ್ಲರೂ ಟೀ ಕುಡಿಯಲು ನಿಂತರು. ಗುಡುಗಿನ ಮರಗಟ್ಟಿದ ತುಟಿಯಿಂದ ಟೀ ಎಲ್ಲ ಅಂಗಿಯ ಮೇಲೆ ಇಳಿಯಿತು. ಮಾವ ಕರವಸ್ತ್ರ ಕೊಟ್ಟು, ಬರೀ ಮುಲಾಮಿಗೇ ಹೀಗೆ ತಮ್ಮ, ಸೂಜಿ ಆಗಿದ್ದಿದ್ದರೆ ಅಂದರು. ಗುಡುಗು ತಲೆಯಾಡಿಸಿದ. ಟೈಲರತ್ತೆ ಗೊಂಬೆ ತಲೆಯನ್ನು ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂರಿಸಿ ಪಟ್ಟಿಯ ಕಥೆ ಹೇಳಿದರು. ಆಗ ಅವನು ನಕ್ಕ ನಗೆಗೆ ಮಾತ್ರ ಮುಲಾಮು ಅಡ್ಡ ಬರಲಿಲ್ಲ.

ಆ ವಾರವೆಲ್ಲ ಟೈಲರತ್ತೆಯ ಕೋಣೆಯ ಮುಂದೆ ಬ್ಯಾಂಡಿನವರ ಸಾಲು. ಒಬ್ಬೊಬ್ಬರ ಗದ್ದಕ್ಕೂ ಟೇಪು ಹಿಡಿದು ಅಳತೆ ತೆಗೆದರು. ಒಬ್ಬರದು ಅಗಲ, ಒಬ್ಬರದು ಮೊಂಡು, ಒಬ್ಬರದು ನಡುವೆ ಗುಳಿ. ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲದರಲ್ಲೂ ಒಂದೇ ಆಗಿರಬೇಕು ಅನ್ನುವವರು ತಮ್ಮ ಗದ್ದಗಳನ್ನು ಅಂದು ಮೊದಲ ಸಲ ಸರಿಯಾಗಿ ನೋಡಿಕೊಂಡು ನಕ್ಕರು.

ಆ ಸಾಲಿನಲ್ಲಿ ಕ್ಲಾರಿನೆಟ್ ಊದುವ ಹೆಂಗಸೂ ಇದ್ದರು. ಅಳತೆಯ ನಂತರ ಅವರು, ಡ್ಯೂಟಿ ಮುಗಿಸಿ ಬಂದಿದ್ದ ಪುಟ್ಟಿಯನ್ನು ಪಕ್ಕಕ್ಕೆ ಕರೆದರು. ಅವರ ಕೆಳದವಡೆ ಚಿಕ್ಕಂದಿನಿಂದ ತೀರಾ ಹಿಂದಿತ್ತು. ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲ, ಅಗಿಯಲು ಕಷ್ಟ. ಇದಕ್ಕೂ ಪಟ್ಟಿ ಸಡಿಲಿಸಿದರೆ ಸಾಕಾ ಅಂತ ಕೇಳಿದರು. ಪುಟ್ಟಿ ನಗಲಿಲ್ಲ. ಇದಕ್ಕೆ ಹಲ್ಲು ಮತ್ತು ದವಡೆಯ ಡಾಕ್ಟರೇ ಬೇಕು, ನಾನೇ ಜೊತೆಗೆ ಬರುತ್ತೇನೆ ಅಂದಳು. ಅವರು ಹೋದರು. ತಮ್ಮ ಕೆಲಸ ಹೇಳಿದರು, ಎಕ್ಸ್‌ರೇ ತೆಗೆಸಿದರು, ಲಾಭ ಏನು ಅಪಾಯ ಏನು ಅಂತ ಕೇಳಿಕೊಂಡರು. ಈಗ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಾರೆ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಅಂತ ಆತುರ ಇಲ್ಲದೆ ಯೋಚಿಸುತ್ತಿದ್ದಾರೆ.

ಸೇತುವೆಯ ದಿನ ಬಿಸಿಲು ಚೆನ್ನಾಗಿತ್ತು. ನದಿಯ ಎರಡು ದಡದಲ್ಲೂ ಜನ. ಕೆಂಪು ಕೋಟಿನ ಸಾಲು ಸೇತುವೆಗೆ ಹೆಜ್ಜೆ ಇಟ್ಟಿತು. ಮಾವ ಒಂದು ಹೆಜ್ಜೆ ಮುಂದೆ ಬಂದರು. ಗದ್ದದ ಕೆಳಗೆ ಪಟ್ಟಿ ಹಗುರಾಗಿ, ಇದೆಯೋ ಇಲ್ಲವೋ ಅನ್ನುವ ಹಾಗೆ ಕೂತಿತ್ತು. ಅವರು ತುಟಿಯ ಎರಡು ಮೂಲೆಯನ್ನೂ ಗಟ್ಟಿ ಮಾಡಿ ಊದಿದರು. ನೀರಿನ ಮೇಲೆ ಹೋದ ಆ ಸ್ವರ ಆಚೆ ದಡ ಮುಟ್ಟಿ ತಿರುಗಿ ಬಂತು. ಗದ್ದ ಎಣಿಸಲು ಬಂದವರಿದ್ದರೆ ಅವರೂ ಎಣಿಕೆ ಮರೆತರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಎದುರು ಮನೆಯ ಅಜ್ಜಿ ಪಕ್ಕದವರಿಗೆ, ಇವರು ನಮ್ಮ ಬೀದಿಯವರು ಅಂತ ಹೇಳಿದರು.

ಹೊಸ ಫೋಟೋ ಈಗ ಅಭ್ಯಾಸದ ಹಾಲಿನ ಗೋಡೆಯಲ್ಲಿದೆ. ಅದರಲ್ಲಿ ಮಾವನಿಗೆ ಒಂದೂವರೆ ಗದ್ದ. ಆ ಅರ್ಧ ನನ್ನ ಹೆಂಡತಿಯ ಅಡಿಗೆಯದು, ಅದನ್ನು ಕರಗಿಸುವವರು ಯಾರು ಅನ್ನುತ್ತಾರೆ ಅವರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾವೆಲ್ಲ ಕೇಳಿದ ಗಾದೆ. ಇಲ್ಲಿ ಆದದ್ದು ಉಲ್ಟಾ. ಡೊಂಕಾಗಿದ್ದದ್ದು ನೆಲ, ಇವರು ಕಾಲು ಕತ್ತರಿಸಿಕೊಳ್ಳಲು ಹೊರಟಿದ್ದರು. ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಕನ್ನಡಿಯ ಮುಂದೆ ಕತ್ತು ಎತ್ತಿ ಎತ್ತಿ ನೋಡಿಕೊಳ್ಳುತ್ತಿರಬಹುದು. ಅವರನ್ನು ಗೇಲಿ ಮಾಡಬೇಡಿ, ಪಕ್ಕದಲ್ಲಿ ಕೂತು ಮಾತಾಡಿಸಿ. ಗದ್ದ, ದವಡೆ ತಿದ್ದಿಸಿಕೊಳ್ಳಲೇಬೇಕು ಅನ್ನಿಸಿದರೆ ನೋಂದಾಯಿತ ಡಾಕ್ಟರ ಹತ್ತಿರ, ಆಸ್ಪತ್ರೆಗೇ ಹೋಗಿ. ನಿಮ್ಮ ಕೆಲಸ, ನಿಮ್ಮ ಕಾಯಿಲೆ, ನೀವು ನುಂಗುವ ಮಾತ್ರೆ ಎಲ್ಲ ಹೇಳಿ. ಔಷಧಿಯ ಹೆಸರು ಕೇಳಿ, ಸೀಲು ನಿಮ್ಮ ಕಣ್ಣ ಮುಂದೆಯೇ ಒಡೆಯಲಿ. ತಪ್ಪಿದರೆ ಏನು ಮಾಡುತ್ತೀರಿ ಅಂತ ಕೇಳಲು ನಾಚಬೇಡಿ. ಸೂಜಿ ಹಾಕಿಸಿಕೊಂಡ ಮೇಲೆ ವಿಪರೀತ ನೋವು ಬಂದರೆ, ಚರ್ಮ ಬಿಳಿಚಿಕೊಂಡರೆ ಅಥವಾ ನೀಲಿಗಟ್ಟಿದರೆ, ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ದೊಡ್ಡಾಸ್ಪತ್ರೆಗೆ ಓಡಿ. ರಿಯಾಯಿತಿ ಇದೆ, ಪಕ್ಕದವರು ಮಾಡಿಸಿಕೊಂಡರು ಅನ್ನುವ ಕಾರಣಕ್ಕೆ ಮಾತ್ರ ಹೋಗಬೇಡಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮನ್ನು ಯಾವ ಗೊಂಬೆಯ ಅಳತೆಯಲ್ಲಿ ಅಳೆಯುತ್ತಿದ್ದಾರೆ ಅಂತ ವಿಚಾರಿಸಿ. ಒಂದು ಸಲ ಪಟ್ಟಿ ಸಡಿಲಿಸಿ ನೋಡಿ.